ಹೋಟೆಲಿನ ಪಿಯಾನೊ ಬಿಟ್ಟು ಟಿಳಕವಾಡಿಯಲ್ಲಿ ಮಾಸ್ತರ್ ಆದದ್ದು

ಬೆಳಗಾವಿಯಲ್ಲಿ ಜಾಜ್ ಪಿಯಾನೊ ಕಲಿಸುತ್ತೇನೆ ಅಂದರೆ ಜನ ಮೊದಲು ಕೇಳುವುದು "ಅಂದ್ರ ಕೀಬೋರ್ಡ್ ಕ್ಲಾಸೇನ್ರಿ?" ಅಂತ. ಹೌದು ಅಂದುಬಿಡುತ್ತೇನೆ. ಎರಡನೇ ಪ್ರಶ್ನೆ, "ಪರೀಕ್ಷಾಕ್ಕ ಕೂಡಸ್ತೀರೇನ್ರಿ? ಸರ್ಟಿಫಿಕೇಟ್ ಬರತೈತೇನ್ರಿ?" ಅದಕ್ಕೂ ಹೌದು. ಜಾಜ್ ಅಂದರೆ ಅಮೆರಿಕದಲ್ಲಿ ಹುಟ್ಟಿದ, ಸ್ಥಳದಲ್ಲೇ ಕಟ್ಟಿ ನುಡಿಸುವ ಸಂಗೀತ, ಆದರೆ ಅದೇನು ಅಂತ ಯಾರೂ ಕೇಳುವುದಿಲ್ಲ. ನಾನೂ ಮೊದಲ ದಿನವೇ ಹೇಳಲು ಹೋಗುವುದಿಲ್ಲ, ಸುಮ್ನೆ ಹೆದರಿಕೊಳ್ಳುತ್ತಾರೆ. ಗೋವಾದ ಹೋಟೆಲುಗಳಲ್ಲಿ ವರ್ಷಗಟ್ಟಲೆ ಪಿಯಾನೊ ನುಡಿಸುತ್ತಿದ್ದವನು ಟಿಳಕವಾಡಿಯ ಒಂದು ಮಹಡಿ ಕೋಣೆಯಲ್ಲಿ ಮಕ್ಕಳಿಗೆ ಪಾಠ ಹೇಳುವಂತೆ ಹೇಗಾಯಿತು, ಅದರಲ್ಲಿ ನಿಜವಾಗಿ ಕಷ್ಟ ಅನಿಸಿದ್ದು ಯಾವುದು ಅಂತ ಬರೆಯುತ್ತಿದ್ದೇನೆ. ದುಡ್ಡಿನ ಮಾತು ಬೇಗ ಮುಗಿಯುತ್ತದೆ. ಕೈ ಮತ್ತು ಕಿವಿಯ ಮಾತು ಉದ್ದ ಇದೆ.

ನಮ್ಮದು ಮೂಲ ಬಾಗಲಕೋಟೆ ಕಡೆ. ಅಜ್ಜ ಕಂಪನಿ ನಾಟಕಗಳಲ್ಲಿ ಪೇಟಿ ಮಾಸ್ತರ್ ಆಗಿದ್ದವರು. ಅವರದು ಕಾಲುಪೇಟಿ. ಕುರ್ಚಿ ಮೇಲೆ ಕೂತು ಕಾಲಿನಿಂದ ಗಾಳಿ ತುಂಬುವ ಹಾರ್ಮೋನಿಯಂ, ಹಾಗಾಗಿ ಎರಡೂ ಕೈ ಖಾಲಿ. ಬಲಗೈಯಲ್ಲಿ ನುಡಿಸಿದ ಹಾಡನ್ನೇ ಎಡಗೈಯಲ್ಲಿ ಕೆಳಗಿನ ಸಪ್ತಕದಲ್ಲಿ ನುಡಿಸುತ್ತಿದ್ದರು, ಯಾಕೆಂದರೆ ಡೇರೆಯ ಕೊನೆಯ ಸಾಲಿಗೂ ಕೇಳಿಸಬೇಕಿತ್ತು. ನನಗೆ ಮಾತ್ರ ಕೈಪೇಟಿ ಕಲಿಸಿದರು. ಭೂಪ್, ದುರ್ಗಾ, ಭೀಮಪಲಾಸ್ ರಾಗಗಳು, ಆಮೇಲೆ ಭಜನೆಗೆ ಸಾಥ್ ಕೊಡುವುದು, ಹಾಡುವವರು ಕರಿ ಎರಡು ಅಂದರೆ ಕರಿ ಎರಡು, ಬಿಳಿ ನಾಲ್ಕು ಅಂದರೆ ಬಿಳಿ ನಾಲ್ಕು, ಎಲ್ಲಿಂದ ಸಾ ಹಿಡಿದರೂ ಬೆರಳು ತಡವರಿಸಬಾರದು. ಆಗ ಅದು ಶಿಕ್ಷೆ ಅನಿಸುತ್ತಿತ್ತು. ಜಾಜಿನಲ್ಲಿ ಹನ್ನೆರಡೂ ಸ್ವರದಿಂದ ಒಂದೇ ಹಾಡು ನುಡಿಸು ಅಂದಾಗ ನಾನು ಗಾಬರಿ ಆಗದೇ ಇದ್ದದ್ದು ಆ ಶಿಕ್ಷೆಯಿಂದ.

ಕಾಲೇಜಿಗೆ ಬೆಳಗಾವಿಗೆ ಬಂದೆ. ಪೇಟಿ ಹಿಡಿದವನಿಗೆ ಬೆಳಗಾವಿ ಅಂದರೆ ಪಂಡಿತ್ ರಾಮಭಾವು ವಿಜಾಪುರೆ ಅವರ ಊರು. 1917ರಲ್ಲಿ ಹುಟ್ಟಿ 2010ರವರೆಗೆ ಬದುಕಿದ್ದ ಹಿರಿಯರು. ದೊಡ್ಡ ದೊಡ್ಡ ಗಾಯಕರಿಗೆ ಸಾಥ್ ಕೊಟ್ಟವರು, ಇಲ್ಲೇ ಕೂತು ತಲೆಮಾರುಗಳಿಗೆ ಪಾಠ ಹೇಳಿದವರು. ನಾನು ಅವರ ಶಿಷ್ಯನಲ್ಲ, ಹಾಗೆ ಹೇಳಿಕೊಳ್ಳುವ ಯೋಗ್ಯತೆಯೂ ಇಲ್ಲ. ನಾನು ಗಣೇಶ ಹಬ್ಬದ ಆರ್ಕೆಸ್ಟ್ರಾ ಸೇರಿದೆ. ಬೆಳಗಾವಿಯ ಗಣೇಶೋತ್ಸವ ನೋಡಿದವರಿಗೆ ಗೊತ್ತು, ಅಷ್ಟೂ ದಿನ ಕೀಬೋರ್ಡಿನವನಿಗೆ ಊಟಕ್ಕೂ ಪುರುಸೊತ್ತಿಲ್ಲ. ಅಲ್ಲಿ ಸಿಕ್ಕ ಒಬ್ಬ ಡ್ರಮ್ಮರ್ ಒಂದು ಡಿಸೆಂಬರಿನಲ್ಲಿ "ಗೋವಾಕ್ಕೆ ಬರ್ತೀಯಾ, ಕೀಬೋರ್ಡಿನವ ಕೈಕೊಟ್ಟಾನ" ಅಂದ. ಜಾಂಬೋಟಿ, ಕಣಕುಂಬಿ, ಚೋರ್ಲಾ ಘಾಟ್ ದಾಟಿ ಸಂಜೆಗೆ ಪಣಜಿ. ಹಾಗೆ ಶುರು.

ಗೋವಾದಲ್ಲಿ ಸಂಗೀತದವರ ಸ್ಥಿತಿ ಬೇರೆ. ಪೋರ್ಚುಗೀಸರ ಕಾಲದಲ್ಲಿ ಚರ್ಚಿನ ಶಾಲೆಗಳಲ್ಲಿ ಮಕ್ಕಳಿಗೆ ಪಾಶ್ಚಾತ್ಯ ಸ್ವರಲಿಪಿ ಓದುವುದು, ವಯೊಲಿನ್ ಹಿಡಿಯುವುದು ಕಲಿಸುತ್ತಿದ್ದರು. ಆ ಕಲಿಕೆಯ ಬಲದಿಂದಲೇ ಅಲ್ಲಿನವರು ಮುಂಬೈ, ಕಲ್ಕತ್ತಾ ಹೋಟೆಲುಗಳ ಬ್ಯಾಂಡ್‌ಗಳಲ್ಲಿ, ಆಮೇಲೆ ಹಿಂದಿ ಸಿನಿಮಾ ವಾದ್ಯವೃಂದಗಳಲ್ಲಿ ತುಂಬಿಕೊಂಡರು. ಭಾರತಕ್ಕೆ ಜಾಜ್ ಬಂದದ್ದೇ ಹೋಟೆಲಿನ ದಾರಿಯಲ್ಲಿ. ಟೆಡ್ಡಿ ವೆದರ್‌ಫೋರ್ಡ್ ಅಂತ ಅಮೆರಿಕದ ಕಪ್ಪು ಪಿಯಾನಿಸ್ಟ್ ಒಬ್ಬರು 1930ರ ದಶಕದಲ್ಲಿ ಮುಂಬೈಯ ತಾಜ್ ಹೋಟೆಲಿನಲ್ಲಿ ಬ್ಯಾಂಡ್ ನಡೆಸಿದ್ದರು. 1945ರಲ್ಲಿ ಕಲ್ಕತ್ತಾದಲ್ಲಿ ಕಾಲರಾ ಬಂದು ತೀರಿಕೊಂಡರು. ಅಂಥವರ ಬ್ಯಾಂಡ್‌ಗಳಲ್ಲಿ ಕೂತು ಕಲಿತವರಿಂದ ಕಲಿತವರಿಂದ ಕಲಿತವನು ನಾನು, ಅಷ್ಟೇ ಸಂಬಂಧ.

ನನ್ನ ಗುರು ಅಂದರೆ ನಮ್ಮ ಟ್ರಿಯೊದಲ್ಲಿ, ಅಂದರೆ ಮೂವರ ತಂಡದಲ್ಲಿ, ಡಬಲ್ ಬಾಸ್ ಅನ್ನುವ ಕೆಳದನಿಯ ದೊಡ್ಡ ತಂತಿವಾದ್ಯ ನುಡಿಸುತ್ತಿದ್ದ ಅಂಕಲ್. ಎಲ್ಲರೂ ಅವರನ್ನು ಅಂಕಲ್ ಅಂತಲೇ ಕರೆಯುತ್ತಿದ್ದದ್ದು. ಮೊದಲ ರಾತ್ರಿ ನಾನು ಎಡಗೈಯಲ್ಲಿ ಕೆಳಗೆ ಸಾ-ಪ ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಅವರು ಹಾಡಿನ ಮಧ್ಯವೇ ಬಗ್ಗಿ, "ಅದು ನನ್ನ ಮನೆ, ನೀ ಹೊರಗೆ ಬಾ" ಅಂದರು. ಬಾಸ್ ಇದ್ದಾಗ ಪಿಯಾನೊದವನು ಕೆಳಗಿನ ಮೂಲ ಸ್ವರ ಮುಟ್ಟಬೇಕಾಗಿಲ್ಲ. ಎಡಗೈ ಮೇಲೆ ಬಂದು, ಕಾರ್ಡಿನ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪಿನ) ಮೂರನೇ ಮತ್ತು ಏಳನೇ ಸ್ವರ ಹಿಡಿದು ಸುಮ್ಮನಿದ್ದರೆ ಸಾಕು. ಅಮೆರಿಕದ ಜಾಜ್ ಪಿಯಾನಿಸ್ಟ್ ಬಿಲ್ ಇವಾನ್ಸ್ ಕೇಳು ಅಂದರು, ಕೇಳಿದೆ. ಏನೂ ಅರ್ಥ ಆಗಲಿಲ್ಲ, ಆದರೆ ಬಿಡಲಿಲ್ಲ. ಬೆಳಿಗ್ಗೆ ಎದ್ದು ಒಂದೇ ಸಾಲನ್ನು ಪೇಟಿಯಲ್ಲಿ ತೆಗೆದಂತೆ ತೆಗೆಯುವುದು, ರಾತ್ರಿ ಅದನ್ನು ಗಿರಾಕಿಗಳ ಮುಂದೆ ಪರೀಕ್ಷೆ ಮಾಡುವುದು. ಗಿರಾಕಿಗಳಿಗೆ ಗೊತ್ತೇ ಆಗುತ್ತಿರಲಿಲ್ಲ, ಅದೊಂದು ಅನುಕೂಲ.

ಹೋಟೆಲ್ ಕೆಲಸದ ಬಗ್ಗೆ ಕನಸು ಇಟ್ಟುಕೊಂಡವರಿಗೆ ಎರಡು ಮಾತು. ರಾತ್ರಿಗೆ ಮೂರು ಸೆಟ್, ಒಂದೊಂದು ಮುಕ್ಕಾಲು ಗಂಟೆ. ನೀವು ಎಷ್ಟು ಚೆನ್ನಾಗಿ ನುಡಿಸಿದರೂ ಲಾಬಿಯಲ್ಲಿ ಮಾತು ನಿಲ್ಲುವುದಿಲ್ಲ, ಮಾತು ನಿಂತರೆ ಮ್ಯಾನೇಜರ್‌ಗೆ ಭಯ ಆಗುತ್ತದೆ. ಸೀಸನ್ ಅಂದರೆ ಅಕ್ಟೋಬರಿನಿಂದ ಮಾರ್ಚ್. ಮಳೆಗಾಲದಲ್ಲಿ ಕೆಲಸ ಇಲ್ಲ, ಮನೆಗೆ ಬಂದು ಮದುವೆ ಆರ್ಕೆಸ್ಟ್ರಾ. ಮೊದಲು ಟ್ರಿಯೊ ಇದ್ದದ್ದು ನಿಧಾನಕ್ಕೆ ಇಬ್ಬರಾಯಿತು, ಆಮೇಲೆ ಲ್ಯಾಪ್‌ಟಾಪಿನಲ್ಲಿ ಮೈನಸ್ ಟ್ರ್ಯಾಕ್ (ಹಾಡುವ ದನಿ ಬಿಟ್ಟು ಬರೀ ವಾದ್ಯಗಳ ರೆಕಾರ್ಡಿಂಗ್) ಹಾಕಿಕೊಂಡು ಒಬ್ಬನೇ ಹಾಡುವವರು ಬಂದರು. ಮೂರು ಜನರ ಸಂಬಳದಲ್ಲಿ ಅರ್ಧ ಕೊಟ್ಟರೆ ಒಬ್ಬ ಸಿಗುತ್ತಾನೆ ಅಂದರೆ ಹೋಟೆಲಿನವರು ಯಾಕೆ ಬಿಡುತ್ತಾರೆ? 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಯಿತು, ಹೋಟೆಲ್ ಬಾಗಿಲು ಹಾಕಿತು, ನಾನು ಬೆಳಗಾವಿಗೆ ಬಂದೆ. ಮತ್ತೆ ತೆರೆದಾಗ ಕರೆದರು, ಹಳೆಯ ದುಡ್ಡಿಗಿಂತ ಕಮ್ಮಿಗೆ. ಅಷ್ಟು ಹೊತ್ತಿಗೆ ಅಕ್ಕಪಕ್ಕದ ಮನೆಯವರ ಮಕ್ಕಳು ನನ್ನ ಕೋಣೆಗೆ ಬರಲು ಶುರು ಮಾಡಿದ್ದರು.

ಟಿಳಕವಾಡಿಯಲ್ಲಿ ಕೋಣೆ ಹುಡುಕುವಾಗ ಮಾಲೀಕರೆಲ್ಲ ಕೇಳಿದ್ದು ಒಂದೇ, "ಗದ್ದಲ ಆಗತೈತೇನ್ರಿ?" ಕೊನೆಗೆ ಸಿಕ್ಕಿದ್ದು ಕೆಳಗೆ ಝೆರಾಕ್ಸ್ ಅಂಗಡಿ ಇರುವ ಮಹಡಿ. 88 ಕೀಗಳ, ಒತ್ತಿದರೆ ಭಾರ ಅನಿಸುವ ಡಿಜಿಟಲ್ ಪಿಯಾನೊ ಒಂದು ನನ್ನ ಹತ್ತಿರ ಇತ್ತು. ಆಮೇಲೆ ಗೋವಾದಲ್ಲಿ ಮನೆ ಮಾರುತ್ತಿದ್ದ ಒಬ್ಬರಿಂದ ಹಳೆಯ ಅಪ್‌ರೈಟ್ (ನೆಟ್ಟಗೆ ನಿಲ್ಲುವ) ಪಿಯಾನೊ ತಂದೆ. ಪಿಯಾನೊದ ಬೆಲೆಗಿಂತ ಘಾಟ್ ಹತ್ತಿಸಿ, ಮಹಡಿ ಏರಿಸುವ ಖರ್ಚೇ ಮನಸ್ಸಿಗೆ ಜಾಸ್ತಿ ನೋವು ಮಾಡಿತು. ಅದರೊಳಗೆ ಸುಮಾರು 230 ತಂತಿ, ಎಲ್ಲ ಸೇರಿ ಎಳೆಯುವ ಬಿಗಿತ 15-20 ಟನ್. ಅಂಥ ವಸ್ತುವನ್ನು ಬೆಳಗಾವಿಯ ಮಳೆಯಲ್ಲಿ ಇಡಬೇಕು. ಜೂನ್ ಬಂತು ಅಂದರೆ ಮರ ಉಬ್ಬುತ್ತದೆ, ಕೀ ಒತ್ತಿದರೆ ಮೇಲೆ ಬರುವುದಿಲ್ಲ, ಮಧ್ಯದ ಸ್ವರಗಳು ಏರುತ್ತವೆ. ಬೇಸಿಗೆಯಲ್ಲಿ ಅವೇ ಇಳಿಯುತ್ತವೆ. ಒಳಗೆ ಒಂದು ಜೀರೋ ಬಲ್ಬ್ ಹಗಲೂ ರಾತ್ರಿ ಉರಿಸಿಟ್ಟರೆ ತೇವ ಸ್ವಲ್ಪ ಕಮ್ಮಿ ಆಗುತ್ತದೆ, ಹಳಬರೆಲ್ಲ ಮಾಡುವ ಉಪಾಯ. ಟ್ಯೂನ್ ಮಾಡುವವರು ಗೋವಾದಿಂದಲೇ ಬರಬೇಕು. ಮಳೆ ಪೂರ್ತಿ ನಿಲ್ಲುವವರೆಗೆ ಅವರನ್ನು ಕರೆಸುವುದು ದಂಡ.

ಈಗ ಪಾಠದ ಮಾತು.

ನನ್ನ ಹತ್ತಿರ ಬರುವವರು ಎರಡು ಥರ. ಒಂದು, ಕ್ಯಾಂಪ್, ಅಂದರೆ ಕಂಟೋನ್ಮೆಂಟ್ ಕಡೆಯ ಇಂಗ್ಲಿಷ್ ಶಾಲೆಗಳ ಮಕ್ಕಳು. ಬೇರೆ ಕಡೆ ಪಾಶ್ಚಾತ್ಯ ಸಂಗೀತ ಪರೀಕ್ಷೆಯ ಗ್ರೇಡ್ ಎರಡು, ಮೂರು ಮುಗಿಸಿ ಬಂದಿರುತ್ತಾರೆ. ಹಾಳೆ ಇಟ್ಟರೆ ಚಂದ ನುಡಿಸುತ್ತಾರೆ, ಬೆರಳು ದುಂಡಗೆ, ಬೆನ್ನು ನೆಟ್ಟಗೆ, ಎರಡೂ ಕೈ ಬೇರೆ ಬೇರೆ ಕೆಲಸ ಮಾಡುತ್ತವೆ. ಹಾಳೆ ತೆಗೆದುಬಿಟ್ಟರೆ ಕರೆಂಟ್ ಹೋದ ಹಾಗೆ ನಿಂತುಬಿಡುತ್ತಾರೆ. ಅವರಿಗೆ ತೀರಾ ಗೊತ್ತಿರುವ ಸಿನಿಮಾ ಹಾಡಿನ ಮೊದಲ ಸಾಲು ನುಡಿಸು ಅಂದರೆ "ನೋಟ್ಸ್ ಕೊಡಿ ಸರ್" ಅನ್ನುತ್ತಾರೆ. ಹಾಡಲು ಬರುತ್ತದೆ, ಆದರೆ ಹಾಡಿದ್ದನ್ನು ಕೀ ಮೇಲೆ ಹುಡುಕಬಹುದು ಅನ್ನುವ ಯೋಚನೆಯೇ ಅವರಿಗೆ ಬಂದಿಲ್ಲ.

ಎರಡನೆಯವರು ಪೇಟಿ ಕಲಿತ ಮಕ್ಕಳು. ಬೆಳಗಾವಿಯದೇ ಶಹಾಪುರ, ವಡಗಾವಿ ಕಡೆಯಿಂದ, ಕೆಲವರು ಹಳ್ಳಿಗಳಿಂದ ಬಸ್ಸಿನಲ್ಲಿ. ಭಜನೆ, ಅಭಂಗ, ಶಾಲೆಯ ಪ್ರಾರ್ಥನೆ, ಎಲ್ಲದಕ್ಕೂ ಇವರೇ. ಹಾಳೆ ತೋರಿಸಿದರೆ ನಗುತ್ತಾರೆ. ಆದರೆ ನಾನು ನಾಲ್ಕು ಸ್ವರ ನುಡಿಸಿದರೆ ಅದನ್ನೇ ತಿರುಗಿಸಿ, ಉಲ್ಟಾ ಮಾಡಿ, ಎಂಟು ಮಾಡಿ ವಾಪಸ್ ಕೊಡುತ್ತಾರೆ. ಸ್ಥಳದಲ್ಲೇ ಕಟ್ಟಿ ನುಡಿಸುವುದು ಜಾಜಿನ ಅತಿ ಕಷ್ಟದ ಭಾಗ ಅಂತ ಪುಸ್ತಕಗಳೆಲ್ಲ ಹೇಳುತ್ತವೆ. ಈ ಮಕ್ಕಳಿಗೆ ಅದೇ ಅತಿ ಸುಲಭದ ಭಾಗ. ಚಿಕ್ಕಂದಿನಿಂದ ಆಲಾಪ, ತಾನ್ ಕೇಳುತ್ತಾ ಬೆಳೆದ ಕಿವಿಗೆ ಹಾಡನ್ನು ಬೆಳೆಸುವುದು ವಿಶೇಷವೇನಲ್ಲ. ಜಾಜ್ ಕಲಿಯಲು ಮೊದಲು ಪಾಶ್ಚಾತ್ಯ ಶಾಸ್ತ್ರೀಯ ಗ್ರೇಡುಗಳು ಬೇಕು ಅನ್ನುವ ಮಾತನ್ನು ನಾನೂ ನಂಬಿದ್ದೆ. ಇವರನ್ನು ನೋಡಿದ ಮೇಲೆ ಅದನ್ನು ಒಪ್ಪುವುದಿಲ್ಲ, ಈಗ ಯಾರ ಎದುರಿಗಾದರೂ ವಾದ ಮಾಡುತ್ತೇನೆ.

ಹಾಗಂತ ಇವರಿಗೆ ಕಷ್ಟ ಇಲ್ಲ ಅಂತಲ್ಲ. ಕಷ್ಟ ಎಲ್ಲ ಎಡಗೈಯಲ್ಲಿದೆ. ಕೈಪೇಟಿಯಲ್ಲಿ ಎಡಗೈ ಒಮ್ಮೆಯೂ ಕೀ ಮುಟ್ಟಿಲ್ಲ, ಅದರ ಕೆಲಸ ತಿದಿ ಒತ್ತುವುದು. ಪಿಯಾನೊ ಮುಂದೆ ಕೂತರೂ ಆ ಕೈ ಗಾಳಿಯಲ್ಲೇ ತಿದಿ ಒತ್ತುತ್ತಿರುತ್ತದೆ, ನೋಡಿದರೆ ನಗು ಬರುತ್ತದೆ. ಇನ್ನೊಂದು ಸೂಕ್ಷ್ಮ ಇದೆ. ಪೇಟಿಯಲ್ಲಿ ಕೀ ಮೆಲ್ಲಗೆ ಒತ್ತಲಿ, ಜೋರಾಗಿ ಕುಟ್ಟಲಿ, ದನಿ ಒಂದೇ. ದನಿ ಜೋರು ಮಾಡುವುದು, ಇಳಿಸುವುದು ಎಡಗೈಯ ಗಾಳಿ. ಪಿಯಾನೊದಲ್ಲಿ ಆ ಕೆಲಸ ಬೆರಳಿನ ತುದಿಗೆ ಬಂದಿದೆ. ಹಾಗಾಗಿ ಪೇಟಿ ಮಕ್ಕಳು ಸುರುವಿನಲ್ಲಿ ಎಲ್ಲ ಸ್ವರವನ್ನೂ ಒಂದೇ ದನಿಯಲ್ಲಿ ನುಡಿಸುತ್ತಾರೆ. ಭಾವ ಇಲ್ಲ ಅಂತಲ್ಲ, ಭಾವ ಎಡಗೈಯಲ್ಲಿ ಉಳಿದುಬಿಟ್ಟಿದೆ. ಜೊತೆಗೆ ಪೇಟಿಯ ಸ್ವರ ಒತ್ತಿದಷ್ಟು ಹೊತ್ತೂ ನಿಲ್ಲುತ್ತದೆ, ಪಿಯಾನೊದ ಸ್ವರ ಹುಟ್ಟಿದ ಕ್ಷಣದಿಂದಲೇ ಇಳಿಯುತ್ತದೆ. ಇದನ್ನು ಸಹಿಸಲಾಗದೆ ಕಾಲಿನ ಪೆಡಲ್ ಒತ್ತಿ ಹಿಡಿದುಬಿಡುತ್ತಾರೆ, ಎಲ್ಲ ಸ್ವರ ಕಲಸಿಹೋಗುತ್ತದೆ.

ಇದಕ್ಕೆ ನಾನು ಮಾಡಿದ ಉಪಾಯ, ಊರಿನ ಮನೆಯ ಅಟ್ಟದಲ್ಲಿ ಬಿದ್ದಿದ್ದ ಅಜ್ಜನ ಕಾಲುಪೇಟಿಯನ್ನು ರಿಪೇರಿ ಮಾಡಿಸಿ ಕ್ಲಾಸಿಗೆ ತಂದದ್ದು. ಇಲಿ ತಿಂದ ತಿದಿಯ ಬಟ್ಟೆ ಬದಲಾಯಿಸಬೇಕಾಯಿತು, ಒಂದಿಷ್ಟು ರೀಡು ಸತ್ತಿದ್ದವು. ಪೇಟಿ ಮಕ್ಕಳು ಮೊದಲ ಒಂದು ತಿಂಗಳು ಪಿಯಾನೊ ಮುಟ್ಟುವುದಿಲ್ಲ, ಕಾಲುಪೇಟಿಯಲ್ಲೇ ಕೂರುತ್ತಾರೆ. ಸದ್ದು ಪರಿಚಯದ್ದು, ಗಾಳಿಯ ಕೆಲಸ ಕಾಲಿಗೆ ಹೋಯಿತು, ಎಡಗೈಗೆ ಬೇರೆ ದಾರಿಯಿಲ್ಲ, ಕೀ ಮೇಲೆ ಬರಲೇಬೇಕು. ಮೊದಲು ಬರೀ ಸಾ-ಪ. ಆಮೇಲೆ ಎರಡು ಕೈಯಲ್ಲಿ ಒಂದೇ ಹಾಡು, ಅಜ್ಜನ ರೀತಿ. ಅಲ್ಲಿಂದ ಪಿಯಾನೊಕ್ಕೆ ಬಂದಾಗ ಅರ್ಧ ದಾರಿ ಮುಗಿದಿರುತ್ತದೆ. ಯಾವ ಪುಸ್ತಕದಲ್ಲೂ ಇದನ್ನು ನೋಡಿಲ್ಲ, ನೋಡುವ ಸಾಧ್ಯತೆಯೂ ಕಮ್ಮಿ, ಕಾಲುಪೇಟಿ ಎಲ್ಲಿ ಸಿಗಬೇಕು ಪಾಪ.

ಆಮೇಲೆ ಕಾರ್ಡು. ನಾನು ಗೋವಾದಲ್ಲಿ ಇಷ್ಟು ವರ್ಷ ನುಡಿಸಿದ್ದನ್ನು ಬಾಯಿಂದ ಹೇಳಲು ಕೂತಾಗ ನಾಲಿಗೆಯೇ ಹೊರಳಲಿಲ್ಲ. ಕೈಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ ಅಂದರೂ ಆಗುತ್ತದೆ. ಜಾಜ್ ಹಾಡುಗಳಲ್ಲಿ ಮತ್ತೆ ಮತ್ತೆ ಬರುವ ಒಂದು ನಡೆ ಇದೆ, ಎರಡು-ಐದು-ಒಂದು ಅಂತಾರೆ. ಸಿ ಸ್ಕೇಲಿನಲ್ಲಿ ಡಿ ಮೈನರ್ ಸೆವೆಂತ್, ಜಿ ಸೆವೆಂತ್, ಸಿ ಮೇಜರ್ ಸೆವೆಂತ್. ಒಂದೊಂದರಲ್ಲಿ ನಾಲ್ಕು ಸ್ವರ, ಮೂರು ಕಾರ್ಡಿಗೆ ಹನ್ನೆರಡು. ಎಡಗೈ ಹೊಸದಾಗಿ ಕಲಿಯುತ್ತಿರುವ ಹುಡುಗನಿಗೆ ಇದನ್ನು ಹೇಳಿದರೆ ನಾಳೆ ಬರುವುದಿಲ್ಲ. ನನ್ನ ಕೈ ಏನು ಮಾಡುತ್ತಿದೆ ಅಂತ ಮೊಬೈಲಿನಲ್ಲಿ ವಿಡಿಯೋ ತೆಗೆದು ನಾನೇ ನೋಡಿದೆ. ಅಂಕಲ್ ಹೇಳಿದ ಆ ಮೂರನೇ ಮತ್ತು ಏಳನೇ ಸ್ವರ ಅಷ್ಟೇ, ಎರಡೇ ಬೆರಳು. ಸಿಯನ್ನು ಸಾ ಅಂದುಕೊಂಡು ಅದನ್ನು ನಮ್ಮ ಸರಿಗಮದಲ್ಲಿ ಬರೆದರೆ ಮೊದಲು ಮ-ಸಾ, ಆಮೇಲೆ ಮ-ನಿ, ಆಮೇಲೆ ಗ-ನಿ. ನೋಡಿ, ಮೊದಲ ಸಲ ಸಾ ಜಾರಿ ನಿ ಆಯಿತು, ಮ ಹಾಗೇ ಇದೆ. ಎರಡನೇ ಸಲ ಮ ಜಾರಿ ಗ ಆಯಿತು, ನಿ ಹಾಗೇ ಇದೆ. ಪ್ರತಿ ಸಲ ಒಂದೇ ಬೆರಳು ಒಂದೇ ಮನೆ ಕೆಳಗೆ. ಇದನ್ನು ಹೇಳಿದ ದಿನ ಪೇಟಿಯ ಹುಡುಗನೊಬ್ಬ ಅಲ್ಲೇ ಬಲಗೈಯಲ್ಲಿ ಭಜನೆ ಎತ್ತಿಕೊಂಡು ಎಡಗೈಯಲ್ಲಿ ಈ ಮೂರು ಜೋಡಿ ಹಾಕಿದ. ಎಲ್ಲಾ ಕಡೆ ಹೊಂದಲಿಲ್ಲ, ಆದರೆ ಎರಡೂ ಕೈ ನಡೆದವು.

ಸ್ವಿಂಗ್, ಅಂದರೆ ಜಾಜಿನ ತೂಗುವ ಲಯ ಕಲಿಸುವುದು ಇನ್ನೊಂದು ಕಥೆ. ಬರೆದಾಗ ಎರಡು ಸಮ ಸ್ವರ, ನುಡಿಸುವಾಗ ಮೊದಲನೆಯದು ಉದ್ದ, ಎರಡನೆಯದು ಗಿಡ್ಡ. ಗ್ರೇಡ್ ಮಕ್ಕಳಿಗೆ ಇದನ್ನು ಲೆಕ್ಕದಲ್ಲಿ ಹೇಳಬೇಕು, ಮೂರು ಭಾಗ ಮಾಡು, ಎರಡು ಭಾಗ ಮೊದಲನೆಯದಕ್ಕೆ ಕೊಡು ಅಂತ. ಹಾಗೆ ನುಡಿಸಿದರೆ ಲೆಕ್ಕ ಸರಿ, ಸ್ವಿಂಗ್ ಇಲ್ಲ. ಪೇಟಿ ಮಕ್ಕಳಿಗೆ ಕೇರ್ವಾ ತಾಳದ ತೂಗಾಟ ಗೊತ್ತು, ತಬಲಾದವನು ಭಜನೆಯಲ್ಲಿ ಸ್ವಲ್ಪ ಎಳೆದು ಬಿಡುವುದನ್ನು ಕೇಳಿದ್ದಾರೆ, ಅಲ್ಲಿಂದ ಬೇಗ ಹಿಡಿಯುತ್ತಾರೆ. ಆದರೆ ಇವರನ್ನು ಸಮ್, ಅಂದರೆ ತಾಳದ ಮೊದಲ ಮಾತ್ರೆ ಬಿಡುವುದಿಲ್ಲ. ಜಾಜಿನಲ್ಲಿ ಚಪ್ಪಾಳೆ ಎರಡು ಮತ್ತು ನಾಲ್ಕನೇ ಮಾತ್ರೆಗೆ. ಇವರ ಮೈ ಒಂದಕ್ಕೆ ಎಳೆಯುತ್ತದೆ. "ಸರ, ಸಮ್ ಬಿಟ್ಟು ಹೆಂಗ ಚಪ್ಪಾಳಿ ಹೊಡಿಯೂದ್ರಿ?" ಅಂತ ಒಬ್ಬಳು ನಿಜವಾಗಿಯೂ ಸಿಟ್ಟಾಗಿ ಕೇಳಿದಳು. ಟಿಕ್ ಟಿಕ್ ಅಂತ ಲಯ ತೋರಿಸುವ ಮೆಟ್ರೊನೋಮನ್ನು ಅರ್ಧ ವೇಗಕ್ಕೆ ಇಟ್ಟು, ಅದರ ಟಿಕ್ ಅನ್ನು ಒಂದು ಅಂದುಕೊಳ್ಳಬೇಡಿ, ಎರಡು ಮತ್ತು ನಾಲ್ಕು ಅಂದುಕೊಳ್ಳಿ ಅನ್ನುತ್ತೇನೆ. ನಿಮಿಷಕ್ಕೆ 60 ಟಿಕ್ ಇದ್ದರೆ ನುಡಿಸುವ ವೇಗ 120. ಜಾಜ್ ಕಲಿಯುವವರು ಎಲ್ಲೆಡೆ ಮಾಡುವ ಸಾಧನೆ ಇದು. ವಾರಗಟ್ಟಲೆ ಜಗಳ ಆಡಿ ಒಂದು ದಿನ ಕೂತುಬಿಡುತ್ತದೆ.

ಜಾಜಿನವರು ಸದಾ ನುಡಿಸುವ ಬ್ಲೂಸ್ ಅನ್ನುವ ಹಾಡಿನ ಚೌಕಟ್ಟಿನಲ್ಲಿ ಹನ್ನೆರಡು ಬಾರು (ತಾಳದ ಖಂಡ) ಅಂದಾಗ ಪೇಟಿ ಮಕ್ಕಳು ಹನ್ನೆರಡು ಮಾತ್ರೆಯ ಏಕತಾಲ್ ಅಂತ ಖುಷಿಪಟ್ಟರು. ಏಕತಾಲ್ ಅಲ್ಲ, ಬಾರಿಗೆ ನಾಲ್ಕು ಮಾತ್ರೆ, ಒಟ್ಟು 48. ಆದರೆ ಸುತ್ತಿ ಬಂದು ಮತ್ತೆ ಮೊದಲಿಗೆ ಸೇರಬೇಕು, ನಡುವೆ ಎಷ್ಟು ಅಲೆದಾಡಿದರೂ ಎಲ್ಲಿದ್ದೇನೆ ಅಂತ ಗೊತ್ತಿರಬೇಕು ಅನ್ನುವುದು ಆವರ್ತನವೇ. ಸಿಯಲ್ಲಿ ನಾಲ್ಕು ಬಾರು, ಎಫ್‌ನಲ್ಲಿ ಎರಡು, ಸಿಯಲ್ಲಿ ಎರಡು, ಜಿ ಒಂದು, ಎಫ್ ಒಂದು, ಸಿ ಎರಡು. ಗ್ರೇಡ್ ಮಕ್ಕಳು ಇದನ್ನು ಬರೆದುಕೊಂಡು ಎಣಿಸುತ್ತಾರೆ. ಪೇಟಿ ಮಕ್ಕಳು ಬರೆದುಕೊಳ್ಳುವುದೇ ಇಲ್ಲ. ಮೂರ್ನಾಲ್ಕು ಸುತ್ತು ಕೇಳಿ ಒಳಗೆ ಇಳಿಸಿಕೊಳ್ಳುತ್ತಾರೆ. ಬ್ಲೂಸಿನ ಕೋಮಲ ಗದಿಂದ ಶುದ್ಧ ಗಕ್ಕೆ ಅದೇ ಬೆರಳು ಕರಿ ಕೀಯಿಂದ ಬಿಳಿಗೆ ಜಾರಿಸುವುದನ್ನು ನಾನು ತೋರಿಸಬೇಕಾಗಿಯೇ ಇಲ್ಲ. ಪೇಟಿಯಲ್ಲಿ ಕಣ, ಅಂದರೆ ಪಕ್ಕದ ಸ್ವರವನ್ನು ಸ್ವಲ್ಪ ಮುಟ್ಟಿ ಬರುವುದು, ಹಾಗೇ ಅಲ್ವಾ? ಪೇಟಿಯಲ್ಲಿ ಮೀಂಡ್ (ಒಂದು ಸ್ವರದಿಂದ ಇನ್ನೊಂದಕ್ಕೆ ತುಂಡಾಗದೆ ಜಾರುವುದು) ಬರುವುದಿಲ್ಲ, ಸ್ವರಗಳ ಸಂದಿಯಲ್ಲಿ ಏನೂ ಇಲ್ಲ ಅಂತ ಆಕಾಶವಾಣಿಯವರು 1940ರಿಂದ 1971ರವರೆಗೆ ಅದನ್ನು ದೂರ ಇಟ್ಟಿದ್ದರು. ಪಿಯಾನೊದ ಮೇಲೂ ಅದೇ ಆರೋಪ ಹಾಕಬಹುದು. ಎರಡೂ ವಾದ್ಯದವರು ಆ ಸಂದಿಯನ್ನು ಜಾರುಬೆರಳಿನಿಂದ ಮುಚ್ಚುವುದನ್ನು ತಾವಾಗಿಯೇ ಕಂಡುಕೊಂಡರು, ಒಬ್ಬರಿಗೊಬ್ಬರು ಪರಿಚಯ ಇಲ್ಲದೆ.

ಕಲಿಸುವುದು ಹೇಗೆ ಅಂತ ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದ್ದು ಲೆನ್ನಿ ಟ್ರಿಸ್ಟಾನೊ ಅನ್ನುವ ಪಿಯಾನಿಸ್ಟ್. 1919ರಲ್ಲಿ ಶಿಕಾಗೋದಲ್ಲಿ ಹುಟ್ಟಿದವರು, ಕಣ್ಣು ಕಾಣುತ್ತಿರಲಿಲ್ಲ. ನ್ಯೂಯಾರ್ಕಿನಲ್ಲಿ ನುಡಿಸುವುದನ್ನು ಕಮ್ಮಿ ಮಾಡಿ ಕಲಿಸುವುದನ್ನೇ ಹಿಡಿದರು, 1978ರಲ್ಲಿ ತೀರಿಕೊಳ್ಳುವವರೆಗೂ. ಅವರ ಪದ್ಧತಿ ಏನು ಗೊತ್ತಾ? ಶಿಷ್ಯರು ದೊಡ್ಡವರ ಸೋಲೊಗಳನ್ನು ರೆಕಾರ್ಡಿನಿಂದ ಕೇಳಿ, ವಾದ್ಯ ಮುಟ್ಟುವ ಮೊದಲು ಬಾಯಲ್ಲಿ ಹಾಡಬೇಕು. ಓದಿ ನಗು ಬಂತು. ಗದುಗಿನ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಬೇರೆ ಇನ್ನೇನು ಮಾಡಿದರು? ಹಾಗಾಗಿ ನನ್ನ ಕ್ಲಾಸಿನಲ್ಲಿ ಹಾಡದೆ ಯಾರೂ ನುಡಿಸುವುದಿಲ್ಲ. ಗ್ರೇಡ್ ಮಕ್ಕಳಿಗೆ ನಾಚಿಕೆ, ಗಂಟಲು ಸರಿಯಿಲ್ಲ ಅಂತ ನೆಪ. ಅವರನ್ನು ಪೇಟಿ ಮಕ್ಕಳ ಪಕ್ಕ ಕೂರಿಸುತ್ತೇನೆ. ಪೇಟಿ ಮಕ್ಕಳಿಗೆ ಹಾಳೆ ಓದುವುದನ್ನು ಇವರು ಹೇಳಿಕೊಡುತ್ತಾರೆ. ನನ್ನ ಅರ್ಧ ಕೆಲಸ ಅವರೇ ಮಾಡಿಕೊಳ್ಳುತ್ತಾರೆ, ಅದಕ್ಕೂ ಫೀ ತಗೊಳ್ಳುತ್ತೇನೆ.

ಫೀ ಅಂದೆ. ತಿಂಗಳಿಗೆ ಎರಡು ಸಾವಿರ. ಹಳ್ಳಿಯಿಂದ ಬರುವವರಿಗೆ ಆದಷ್ಟು. ಸೀಸನ್ನಿನಲ್ಲಿ ಗೋವಾದಲ್ಲಿ ಬರುತ್ತಿದ್ದಷ್ಟು ಬರುವುದಿಲ್ಲ, ಆದರೆ ಇದು ಮಳೆಗಾಲದಲ್ಲೂ ಬರುತ್ತದೆ. ಏಪ್ರಿಲ್, ಮೇ ಮಾತ್ರ ರಜೆಯಲ್ಲಿ ಎಲ್ಲ ಊರಿಗೆ ಹೋಗಿ ಕೋಣೆ ಖಾಲಿ.

ಪರೀಕ್ಷೆ ಬಗ್ಗೆ ನನಗೆ ಪ್ರೀತಿ ಇಲ್ಲ, ದ್ವೇಷವೂ ಇಲ್ಲ. ಟ್ರಿನಿಟಿ ಕಾಲೇಜ್ ಲಂಡನ್‌ನವರ ಗ್ರೇಡುಗಳಿಗೆ ಕೂರಿಸುತ್ತೇನೆ, ಇನಿಷಿಯಲ್‌ನಿಂದ 8ರವರೆಗೆ. ಒಟ್ಟು 100 ಅಂಕ, ಮೂರು ಪೀಸಿಗೆ 22ರಂತೆ 66, ಸ್ಕೇಲು ಮುಂತಾದವಕ್ಕೆ 14, ಉಳಿದ ಎರಡು ಸಣ್ಣ ಪರೀಕ್ಷೆಗೆ ಹತ್ತು ಹತ್ತು. 60ಕ್ಕೆ ಪಾಸ್, 75ಕ್ಕೆ ಮೆರಿಟ್, 87ಕ್ಕೆ ಡಿಸ್ಟಿಂಕ್ಷನ್. ಆ ಸಣ್ಣ ಪರೀಕ್ಷೆಗಳಲ್ಲಿ ಐದನೇ ಗ್ರೇಡ್‌ವರೆಗೆ ನಾಲ್ಕರಲ್ಲಿ ಎರಡು ಆರಿಸಿಕೊಳ್ಳಬಹುದು, ಅದರಲ್ಲಿ ಒಂದು ಇಂಪ್ರೊವೈಸೇಷನ್, ಅಂದರೆ ಕೊಟ್ಟ ತುಣುಕಿನ ಮೇಲೆ ಅಲ್ಲೇ ಕಟ್ಟಿ ನುಡಿಸುವುದು. ಸಾಮಾನ್ಯವಾಗಿ ಕಲಿಸುವವರು ಅದನ್ನು ಮುಟ್ಟುವುದಿಲ್ಲ, ಹೆದರುತ್ತಾರೆ. ನನ್ನ ಮಕ್ಕಳು ಎಲ್ಲರೂ ಅದನ್ನೇ ಆರಿಸುತ್ತಾರೆ. ಹತ್ತೇ ಅಂಕ, ಆದರೆ ಆ ಹತ್ತು ಅಂಕದ ನೆಪದಲ್ಲಿ ವರ್ಷವಿಡೀ ಜಾಜ್ ಕಲಿಸಬಹುದು, ಅಪ್ಪ-ಅಮ್ಮಂದಿರು ಕೇಳಿದರೆ "ಸಿಲಬಸ್ಸಿನ್ಯಾಗೈತ್ರಿ" ಅನ್ನಬಹುದು.

ಕೊನೆಯದಾಗಿ ಒಂದು ತಕರಾರು. ಎಡಗೈಯ ಮೂರು ಜೋಡಿ ಕಲಿತ ಆ ಭಜನೆಯ ಹುಡುಗ ಮಂಗಳವಾರ ಇನ್ನೊಂದು ಕಡೆ ಒಬ್ಬ ಹಿರಿಯ ಗುರುಗಳ ಹತ್ತಿರ ಪೇಟಿಯನ್ನೂ ಕಲಿಯುತ್ತಾನೆ. ಅವರು ಒಂದು ದಿನ ಫೋನ್ ಮಾಡಿದರು. "ಏನ್ರಿ, ಹುಡುಗ ಭೂಪ್ ಹಾಡಾಕತ್ರ ಮನಸಿನ್ಯಾಗ ಮ, ನಿ ಕೇಳಸ್ತಾವಂತಾನ, ನೀವೇನ ಕಲಿಸೀರಿ?" ಅವರ ಮಾತು ಪೂರ್ತಿ ಸರಿ. ಭೂಪ್‌ನಲ್ಲಿ ಸಾ ರಿ ಗ ಪ ಧ ಐದೇ ಸ್ವರ, ಮ ಮತ್ತು ನಿ ಬರಲೇಬಾರದು. ನನ್ನ ಮೂರು ಜೋಡಿಗಳಲ್ಲಿ ಯಾವುದನ್ನು ತೆಗೆದುಕೊಂಡರೂ ಮ ಇದೆ, ಇಲ್ಲಾ ನಿ ಇದೆ. ನಡುವಿನ ಜೋಡಿಯಲ್ಲಿ ಅವೆರಡು ಬಿಟ್ಟು ಬೇರೆ ಏನೂ ಇಲ್ಲ. ಆ ಮ-ನಿಯ ಎಳೆತದಿಂದಲೇ ಜಾಜಿನ ಕಾರ್ಡು ಮುಂದಕ್ಕೆ ನಡೆಯುತ್ತದೆ, ಅದನ್ನು ತೆಗೆದರೆ ಎಡಗೈಗೆ ಕೆಲಸವೇ ಇಲ್ಲ. ರಾಗದ ಕೆಳಗೆ ಕಾರ್ಡು ಹಾಕಿ ಫ್ಯೂಷನ್ ಅನ್ನುವವರು ತುಂಬ ಇದ್ದಾರೆ, ನನಗೆ ಅದರಲ್ಲಿ ಹೆಚ್ಚಿನದು ರುಚಿಸುವುದಿಲ್ಲ.

ಗುರುಗಳ ಮನೆಗೆ ಹೋಗಿ ಚಹಾ ಕುಡಿದು ಒಂದು ಒಪ್ಪಂದ ಮಾಡಿಕೊಂಡೆವು. ರಾಗ ಅಂತ ಹೆಸರು ಹೇಳಿ ನುಡಿಸುವಾಗ ಎಡಗೈ ಸಾ-ಪ ಬಿಟ್ಟು ಕದಲಬಾರದು. ಶನಿವಾರ ಸಂಜೆ ನನ್ನ ಕೋಣೆಯಲ್ಲಿ ಎಲ್ಲರೂ ಸೇರಿ ನುಡಿಸುವಾಗ ಬಲಗೈಯಲ್ಲಿ ಅದೇ ಐದು ಸ್ವರ ಬಂದರೆ ಅದನ್ನು ಭೂಪ್ ಅನ್ನಬಾರದು. ಗುರುಗಳು ಒಪ್ಪಿದರು, "ಹೆಸರ ಹಚ್ಚಬ್ಯಾಡ್ರಿ, ಅಷ್ಟ" ಅಂದರು. ಹೋದ ಶನಿವಾರ ಹುಡುಗ ಎಡಗೈಯಲ್ಲಿ ಮ-ಸಾ, ಮ-ನಿ, ಗ-ನಿ ತಿರುಗಿಸುತ್ತಾ ಬಲಗೈಯಲ್ಲಿ ಐದು ಸ್ವರ ಹಿಡಿದು ಹೊರಟ, ಚಪ್ಪಾಳೆ ಎರಡಕ್ಕೂ ನಾಲ್ಕಕ್ಕೂ ಸರಿಯಾಗಿ ಬೀಳುತ್ತಿತ್ತು. ಇದು ಯಾವ ರಾಗ ಅಂತ ಕ್ಯಾಂಪಿನ ಹುಡುಗಿ ಕೇಳಿದಳು. "ಮಂಗಳವಾರ ಆದ್ರ ಹೇಳ್ತೀನಿ, ಇವತ್ತ ಹೇಳೂಹಂಗಿಲ್ಲ" ಅಂದ.